ಎಲ್ಲಿಸ್ ಡ್ರಿಗರ್ಸ್ ಕೊಂಡುಕೊಂಡ ಕಾಡು

ಎಲ್ಲಿಸ್ ಡ್ರಿಗರ್ಸ್ ಹೊಡೆದು ತಂದ ಜಿಂಕೆಗಳನ್ನು ನಾನು ಮೂವತ್ತೊಂದು ವರ್ಷ ಕೊಯ್ದಿದ್ದೇನೆ. ನಮ್ಮದು ದಕ್ಷಿಣ ಜಾರ್ಜಿಯಾದ ಪೈನ್ ಕಾಡಿನ ಸೀಮೆ. ನವೆಂಬರಿನಲ್ಲಿ ಚರ್ಚಿಗಿಂತ ಹೆಚ್ಚು ಜನ ಸೇರುವುದು ನನ್ನ ಕೊಯ್ಯುವ ಷೆಡ್ಡಿನ ಮುಂದೆ. ಯಾರ ಕೈ ನಡುಗುತ್ತದೆ, ಯಾರು ಕುಡಿದು ಹೊಡೆಯುತ್ತಾರೆ, ಯಾರು ಹೆಂಡತಿ ಹೊಡೆದದ್ದನ್ನು ತನ್ನದೆಂದು ಜಂಬ ಕೊಚ್ಚಿಕೊಳ್ಳುತ್ತಾನೆ, ಎಲ್ಲ ನನಗೆ ಗೊತ್ತು. ಗುಂಡು ಬಿದ್ದ ಜಾಗ ನೋಡಿದರೆ ಸಾಕು. ಎಲ್ಲಿಸ್‌ನದು ಯಾವತ್ತೂ ಒಂದೇ ತೂತು, ಮುಂಗಾಲಿನ ಹಿಂದೆ ಮೂರು ಬೆರಳು ಬಿಟ್ಟು. ಒಂದು ಹಿಡಿ ಮಾಂಸ ಕೂಡ ಹಾಳಾಗಿರುತ್ತಿರಲಿಲ್ಲ. ಆದ್ದರಿಂದಲೇ ಅವನ ಕಣ್ಣು ಗುರಿ ಹಿಡಿಯಲೂ ಆಗದಷ್ಟು ಹೋಗಿದೆ ಎಂಬುದು ಕಣ್ಣಿನ ಡಾಕ್ಟರನ್ನು ಬಿಟ್ಟರೆ ಮೊದಲು ಗೊತ್ತಾದದ್ದು ನನಗೆ.

ಅವನೇನು ದೊಡ್ಡ ಮನುಷ್ಯನಲ್ಲ. ಗಿಡ್ಡ ದೇಹ, ಅಗಲ ಕಿವಿ, ಮಾತು ಬಲು ಕಡಿಮೆ. ಮದುವೆಯ ದಿನ ಪಾದ್ರಿ ‘ಒಪ್ಪಿಗೆಯೇ’ ಎಂದು ಎರಡು ಸಲ ಕೇಳಬೇಕಾಯಿತು, ತಲೆಯಾಡಿಸಿದರೆ ಸಾಕೆಂದುಕೊಂಡಿದ್ದನಂತೆ. ಹದಿನೇಳನೆಯ ವಯಸ್ಸಿಗೆ ಮರದ ಕಂಪನಿ ಸೇರಿದವನು ಮೂವತ್ತನಾಲ್ಕು ವರ್ಷ ಒಂದೇ ಕೆಲಸ ಮಾಡಿದ. ಚಳಿಗಾಲದಲ್ಲಿ ಕಾಡಿಗೆ ಬೆಂಕಿ ಕೊಡುವ ಮೊದಲು, ಅದು ದಾಟಿ ಹೋಗದಂತೆ ಟ್ರ್ಯಾಕ್ಟರಿನಲ್ಲಿ ನೆಲ ಉತ್ತು ಗೆರೆ ಎಳೆಯುವ ಕೆಲಸ. ನಮ್ಮ ಕಾಡನ್ನು ಎರಡು ಮೂರು ವರ್ಷಕ್ಕೊಮ್ಮೆ ಸುಡಲೇಬೇಕು, ಇಲ್ಲದಿದ್ದರೆ ಪೊದೆ ಬೆಳೆದು ಹಕ್ಕಿ ಜಿಂಕೆ ಎಲ್ಲ ಜಾಗ ಬಿಡುತ್ತವೆ. ಆ ನಾಲ್ಕು ಸಾವಿರ ಎಕರೆಯಲ್ಲಿ ಎಲ್ಲಿಸ್ ಉಳದ ಅಂಚು ಇರಲಿಲ್ಲ.

ಅದೇ ಕಾಡನ್ನು ನಾವು ಇಪ್ಪತ್ತೆರಡು ಜನ ಸೇರಿ ಕಂಪನಿಯಿಂದ ಬೇಟೆಗೆಂದು ಗುತ್ತಿಗೆ ಹಿಡಿದಿದ್ದೆವು. ನಾನು, ನನ್ನ ಗಂಡ ವೇಡ್, ಎಲ್ಲಿಸ್ ಎಲ್ಲರೂ. ಗೇಟಿನ ಬಳಿ ಒಂದು ಹಲಗೆ, ಹಲಗೆಯ ಮೇಲೆ ಬೇಟೆಗಾರರು ಹತ್ತಿ ಕೂರುವ ಮರದ ಅಟ್ಟಣೆಗಳ ಅಂಕಿ, ಅಂಕಿಗೊಂದು ಮೊಳೆ. ಕಾಡಿಗೆ ಹೋಗುವವನು ತಾನು ಕೂರುವ ಅಟ್ಟಣೆಯ ಮೊಳೆಗೆ ತನ್ನ ಹೆಸರಿನ ಹಿತ್ತಾಳೆ ಬಿಲ್ಲೆ ನೇತುಹಾಕಬೇಕು. ಬಿಲ್ಲೆ ಇದ್ದ ಕಡೆ ಇನ್ನೊಬ್ಬ ಕಾಲಿಡಬಾರದು. ನಾವು ನಾಯಿಗಾಗಿ ಜಗಳವಾಡಿದ್ದೇವೆ, ಬಿಯರಿಗಾಗಿ ಹೊಡೆದಾಡಿದ್ದೇವೆ, ಬಿಲ್ಲೆಯ ವಿಷಯದಲ್ಲಿ ಮಾತ್ರ ಒಬ್ಬನೂ ತಮಾಷೆ ಮಾಡಲಿಲ್ಲ.

ಕಂಪನಿ ಕಾಡನ್ನು ಮಾರಿತು. ಕೊಂಡವರು ಅಲ್ಲಿ ಮನೆಗಳ ಬಡಾವಣೆಗೆಂದು ಕಲ್ಲಿನ ಕಮಾನು ಕಟ್ಟಿ ‘ಬ್ಲ್ಯಾಕ್‌ಗಮ್’ ಎಂದು ಹೆಸರಿಟ್ಟರು. ಮನೆಗಳ ಮಾರಾಟದ ದಿನ ಡೇರೆ ಹಾಕಿ ಇಡೀ ಹಂದಿ ಸುಟ್ಟು ಊರಿಗೆಲ್ಲ ಊಟ ಹಾಕಿದರು. ಊಟ ಎಂದರೆ ನಾವು ಬಿಡುವವರೇ? ಹೋದೆವು.

"ಇಲ್ಲಿ ಅರವತ್ತೇ ಮನೆ," ಎಂದ ಮಾರಾಟದವನು. "ಉಳಿದ ಕಾಡೆಲ್ಲ ಮನೆ ಕೊಂಡ ಅರವತ್ತು ಜನಕ್ಕೂ ಸೇರಿದ್ದು. ಬೇಟೆಯ ಹಕ್ಕೂ ನಿಮಗೆ ಮಾತ್ರ. ನಿಮ್ಮ ಮರಿಮೊಮ್ಮಕ್ಕಳ ಕಾಲಕ್ಕೂ ಈ ಕಾಡಲ್ಲಿ ಒಂದು ಇಟ್ಟಿಗೆ ಇಡೋ ಹಾಗಿಲ್ಲ ಅಂತ ಪತ್ರದಲ್ಲೇ ಬರೆಸಿಬಿಟ್ಟಿದೀವಿ."

"ನಿಮ್ಮ ಬೂಟಿಂದ ಅಂಗಡಿ ಚೀಟಿ ಇನ್ನೂ ಕಿತ್ತಿಲ್ಲ ನೋಡಿ," ಎಂದೆ ನಾನು. ಎಲ್ಲರೂ ನಕ್ಕರು.

ಎಲ್ಲಿಸ್ ನಗಲಿಲ್ಲ. "ಬೆಂಕಿ ಕೊಡ್ತೀರಾ?" ಎಂದು ಕೇಳಿದ.

"ಪ್ರತಿ ಚಳಿಗಾಲ, ತುಂಡು ತುಂಡಾಗಿ."

ಎಲ್ಲಿಸ್ ತಟ್ಟೆ ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ನೀಟಾ ಶಾಲೆಯ ಬಸ್ಸು ಓಡಿಸಿದ ಹೆಂಗಸು, ಐವತ್ತು ಮಕ್ಕಳನ್ನು ಒಂದು ಕೆಮ್ಮಿನಲ್ಲಿ ಸುಮ್ಮನಾಗಿಸುವವಳು. ಆ ತಿಂಗಳೇ ಅವಳು ತಾಯಿಯಿಂದ ಬಂದ ಪೇಟೆಯ ಮನೆ ಮಾರಿ ಬ್ಲ್ಯಾಕ್‌ಗಮ್‌ನಲ್ಲಿ ಒಂದು ಮನೆ ಕೊಂಡಳು. ನಮ್ಮ ಗುಂಪಿನ ಇಪ್ಪತ್ತೆರಡು ಜನರಲ್ಲಿ ಒಳಗೆ ಹೋದದ್ದು ಅವರ ಸಂಸಾರವೊಂದೇ.

"ನಿನ್ನ ತಲೆ ಕೆಟ್ಟಿದೆಯೇನೇ?" ಎಂದು ಬೈದೆ.

"ಸೋಫಾ ಮೇಲೆ ಕೂತು ಟಿವಿ ನೋಡ್ತಾ ನೋಡ್ತಾ ಸಾಯೋ ಗಂಡಸಲ್ಲ ಕಣೇ ಇವ್ನು," ಎಂದಳು. "ಅಮ್ಮನ ಮನೆ ಇಟ್ಕೊಂಡು ಏನ್ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?"

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ನಾನು ಕಮಾನಿನ ಹೊರಗೇ ಉಳಿದೆ, ಕಾಡಿನಂಚಿನ ನನ್ನ ಷೆಡ್ಡಿನಲ್ಲಿ ಅವರ ಜಿಂಕೆ ಕೊಯ್ಯುವವಳಾಗಿ.

ಬ್ಲ್ಯಾಕ್‌ಗಮ್‌ನವರಿಗೆ ಒಂದು ನಿಯಮದ ಪುಸ್ತಕವಿತ್ತು. ಸೇರುವಾಗ ಗುರಿಯ ಪರೀಕ್ಷೆ. ಎಲ್ಲಿಸ್ ಐದಕ್ಕೆ ಐದು ಹೊಡೆದ. ಬಿಲ್ಲೆಯ ಪದ್ಧತಿಯನ್ನು ನಮ್ಮಿಂದಲೇ ತೆಗೆದುಕೊಂಡರು. ಬಿಲ್ಲೆ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಸಿಕ್ಕಿದರೆ ಮತ್ತೆ ಪರೀಕ್ಷೆ, ಈ ಸಲ ಕಣ್ಣಿಗೂ ಸೇರಿ. ಅದರಲ್ಲಿ ಸೋತರೆ ಮನೆ ನಿಮ್ಮದೇ, ಕೋವಿ ಮಾತ್ರ ಕಾಡಿಗೆ ಬರುವಂತಿಲ್ಲ. ಅಟ್ಟಣೆಗಳ ಅಂಕಿಯನ್ನೂ ಬದಲಿಸಿದರು. ನಾವು ದಕ್ಷಿಣದ ತೊರೆಯ ಕಡೆಯಿಂದ ಎಣಿಸುತ್ತಿದ್ದೆವು, ಅವರು ಮನೆಗಳ ಕಡೆಯಿಂದ ಎಣಿಸಿದರು.

ಸೇರಿದ ಎರಡನೆಯ ನವೆಂಬರಿನಲ್ಲಿ ಎಲ್ಲಿಸ್ ತಂದ ಜಿಂಕೆಯ ಹೊಟ್ಟೆ ಒಡೆದಿತ್ತು. ಒಳಗಿನದೆಲ್ಲ ಮಾಂಸಕ್ಕೆ ಹರಡಿ ಅರ್ಧ ಎಸೆಯಬೇಕಾಯಿತು. "ಕೋವಿ ದುರ್ಬೀನು ಕದಲಿದೆ," ಎಂದ. ಹದಿನೈದು ದಿನಕ್ಕೆ ಇನ್ನೊಂದು ತಂದ, ಹಿಂಗಾಲಿಗೆ ಒಂದು ಗುಂಡು, ಕುತ್ತಿಗೆಗೆ ಒಂದು. ಅರ್ಧ ಚರ್ಮ ಸುಲಿದು ನಿಲ್ಲಿಸಿದೆ. ಚಾಕು ಕೆಳಗಿಟ್ಟೆ.

"ಎಲ್ಲಿಸ್, ಆ ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಏನು ಚಿತ್ರ ಇದೆ ಹೇಳು."

ಕೋಳಿ ಕಾಳನ್ನು ನೋಡುವ ಹಾಗೆ ತಲೆಯನ್ನು ಓರೆ ಮಾಡಿದ. "ಬಾತುಕೋಳಿ."

"ಟ್ರ್ಯಾಕ್ಟರ್ ಕಣೋ. ಕೆಂಪು ಟ್ರ್ಯಾಕ್ಟರ್. ಜನ್ಮವೆಲ್ಲ ಅದರ ಮೇಲೆ ಕೂತಿದ್ದೀಯ."

ಅವನು ಬಾಗಿಲು ಮುಚ್ಚಿ ಬಂದು ಬಕೆಟ್ ಬೋರಲು ಹಾಕಿ ಕೂತ. "ಕಣ್ಣ ನಡುಮಧ್ಯೆ ಒಂದು ಬೂದು ಕಲೆ, ವರ್ನೆಲ್. ನೆಟ್ಟಗೆ ನೋಡಿದ್ರೆ ಮಾಯ. ಪಕ್ಕಕ್ಕೆ ನೋಡಿದ್ರೆ ಅಂಚಿಂದ ಒಂಚೂರು ಬರತ್ತೆ. ವಾಸಿ ಆಗಲ್ಲವಂತೆ."

"ನೀಟಾಗೆ ಹೇಳಿದ್ಯಾ?"

"ಕಾರು ಓಡಿಸೋದು ಬಿಟ್ಟಿದೀನಿ, ಓದೋಕೆ ಆಗಲ್ಲ, ಅದು ಗೊತ್ತು. ಬೇಟೆಗೆ ಸಾಕಾಗೋಷ್ಟು ಕಾಣತ್ತೆ ಅಂದಿದೀನಿ."

"ಕಾಣತ್ತಾ?"

ಅವನು ಬೆರಳಿನಿಂದ ಬೂಟಿನ ಕೆಸರು ಕೆರೆದ. ಆಮೇಲೆ ಹೇಳಿದ: "ಈ ವರ್ಷ, ಬರೋ ವರ್ಷ. ಅಷ್ಟು ಬಿಡು. ಆಮೇಲೆ ಕೋವಿ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ. ಅದಕ್ಕೇ ತಾನೇ ಅವಳು ಮನೆ ಮಾರಿದ್ದು."

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಎಂದರೆ, ನನ್ನ ವೇಡ್ ಕಾಲು ಸೋತು ಕಾಡಿಗೆ ಹೋಗುವುದನ್ನು ಬಿಟ್ಟ ಮೇಲೆ ಎಂಟೇ ತಿಂಗಳು ಬದುಕಿದ್ದು. ಡಾಕ್ಟರು ಹೃದಯ ಎಂದು ಬರೆದರು. ಕಿಟಕಿಯ ಬಳಿ ಕೂತು ಅವನು ಕರಗಿದ್ದನ್ನು ಕಂಡವಳು ನಾನು. ಇನ್ನೊಬ್ಬನನ್ನು ನನ್ನ ಬಾಯಿಂದಲೇ ಹಾಗೆ ಕೂರಿಸಲು ಮನಸ್ಸು ಬರಲಿಲ್ಲ. ಒಂದೇ ಅಟ್ಟಣೆಯಲ್ಲಿ ಕೂರಬೇಕು, ಮೂವತ್ತು ಗಜದ ಆಚೆಗೆ ಹೊಡೆಯಬಾರದು, ಮನೆಗಳ ಕಡೆಗೆ ಕೋವಿ ತಿರುಗಿಸಲೇಬಾರದು ಎಂದು ಮಾತು ತೆಗೆದುಕೊಂಡು, ದೊಡ್ಡ ಜವಾಬ್ದಾರಿ ನಿಭಾಯಿಸಿದವಳಂತೆ ಸಮಾಧಾನಪಟ್ಟುಕೊಂಡೆ. ನನ್ನ ಮೂರ್ಖತನಕ್ಕೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ವರ್ಷ ಹೇಗೋ ಕಳೆಯಿತು. ಮರುವರ್ಷದಿಂದ ನನಗೆ ಕೋವಿಯ ಸದ್ದಿಗೇ ಭಯ ಶುರುವಾಯಿತು. ದೂರದಲ್ಲಿ ಒಂದು ಗುಂಡು ಹಾರಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ನಿಲ್ಲುತ್ತಿದ್ದೆ, ಯಾರಾದರೂ ಕೂಗುತ್ತಾರೇನೋ ಎಂದು. ಬ್ಲ್ಯಾಕ್‌ಗಮ್‌ನಲ್ಲಿ ಈಗ ಅಟ್ಲಾಂಟಾ ಕಡೆಯ ಸಂಸಾರಗಳು ಬಂದಿದ್ದವು. ಹೆಂಗಸರು ಬೆಳಿಗ್ಗೆ ನಾಯಿ ಹಿಡಿದು ಕಾಡಿನಂಚಿನ ರಸ್ತೆಯಲ್ಲಿ ನಡೆಯುತ್ತಿದ್ದರು. ಡಿಸೆಂಬರಿನಲ್ಲಿ ಅದೇ ರಸ್ತೆಯ ಪಕ್ಕದ ತಗಡಿನ ಫಲಕದಲ್ಲಿ ಒಂದು ತೂತು ಕಾಣಿಸಿತು, ನನ್ನ ಎದೆಯ ಎತ್ತರಕ್ಕೆ. ಹೊರಗಿನ ಕಳ್ಳಬೇಟೆಗಾರರ ಕೆಲಸ ಎಂದು ಎಲ್ಲರೂ ಗೊಣಗಿದರು. ನಾನು ಹೋಗಿ ಕಿರುಬೆರಳು ಹಾಕಿ ನೋಡಿದೆ. ಎಲ್ಲಿಸ್‌ನ ಕೋವಿಯ ಅಳತೆಯೇ. ಆ ಅಳತೆಯ ಕೋವಿ ಊರಲ್ಲಿ ಇನ್ನೂ ನೂರಿವೆ ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ.

ಎಲ್ಲಿಸ್ ಬಿಲ್ಲೆ ಹಾಕುವುದನ್ನು ನೋಡಿದ್ದು ಜನವರಿಯಲ್ಲಿ. ಜಿಂಕೆಯ ಕಾಲ ಮುಗಿದಿತ್ತು, ಕಾಡುಹಂದಿಗೆ ಮಾತ್ರ ವರ್ಷವೆಲ್ಲ ಅನುಮತಿ. ಅವನು ಹಲಗೆಯನ್ನು ಓದಲಿಲ್ಲ. ಕೆಳಗಿನ ಮೊಳೆಯಿಂದ ಹೆಬ್ಬೆರಳಿನಲ್ಲಿ ಒಂದೊಂದಾಗಿ ಮುಟ್ಟಿ ಎಣಿಸಿ ಹದಿನಾಲ್ಕಕ್ಕೆ ನೇತುಹಾಕಿದ. ಹಳೆಯ ಲೆಕ್ಕದಲ್ಲಿ ಹದಿನಾಲ್ಕೆಂದರೆ ದಕ್ಷಿಣದಲ್ಲಿ ತೊರೆ ಹುಟ್ಟುವ, ಅವನು ಯಾವಾಗಲೂ ಕೂರುವ ಜಾಗ. ಹೊಸ ಲೆಕ್ಕದಲ್ಲಿ ಅದು ಎರಡು ಮೈಲಿ ಉತ್ತರಕ್ಕೆ.

"ಎಲ್ಲಿಸ್, ಅಂಕಿ ಬದಲಾಗಿದೆ ಕಣೋ."

"ಗೊತ್ತು ಗೊತ್ತು. ನೀಟಾ ಓದಿ ಹೇಳಿದಾಳೆ," ಎಂದು ಬಿಲ್ಲೆ ತೆಗೆದು ಸರಿಯಾದ ಕಡೆ ಹಾಕಿದ. "ಬೆರಳು ಹಳೇದನ್ನ ಬಿಡಲ್ಲ, ಏನ್ಮಾಡ್ಲಿ."

ಅವತ್ತು ಇಬ್ಬರೂ ನಕ್ಕೆವು.

ಫೆಬ್ರವರಿಯ ಎರಡನೆಯ ವಾರ ನೀಟಾ ತಂಗಿಯ ಮನೆಗೆಂದು ವೇಕ್ರಾಸಿಗೆ ಹೋದಳು. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಟಾಲಿವರ್ ನನ್ನ ಷೆಡ್ಡಿಗೆ ಬಂದ. ಕಾಡಿಗೆ ಬೆಂಕಿ ಕೊಡುವ ತಂಡದ ಮುಖ್ಯಸ್ಥ, ಒಳ್ಳೆಯ ಮನುಷ್ಯ, ನನ್ನ ಸಾಸೇಜು ಇಟ್ಟ ಬನ್ನು ತಿನ್ನದೆ ಬೆಂಕಿಕಡ್ಡಿ ಗೀರುವವನಲ್ಲ.

"ಮಿಸ್ ವರ್ನೆಲ್, ಗಾಳಿ ಇವತ್ತು ಹೇಳಿ ಮಾಡಿಸಿದ ಹಾಗಿದೆ. ದಕ್ಷಿಣದ ತುಂಡು ಪೂರ್ತಿ ಸುಟ್ಟುಬಿಡ್ತೀವಿ."

"ಹಲಗೆ ನೋಡಿದ್ರಾ?"

"ನೋಡ್ದೆ. ಮೂರು ದಿನದಿಂದ ಬೆಂಕಿ ನೋಟೀಸೂ ಅಲ್ಲೇ ಅಂಟಿಸಿದೀವಿ. ಒಳಗಿರೋದು ಡ್ರಿಗರ್ಸ್ ಒಬ್ರೇ. ಹದಿನಾಲ್ಕು. ಉತ್ತರದಲ್ಲಿ, ನಮಗೆ ತೊಂದರೆ ಇಲ್ಲ."

ಅವನ ಬೆರಳು ಮತ್ತೆ ಹಳೆಯ ಲೆಕ್ಕವನ್ನೇ ಎಣಿಸಿತ್ತು. ಬಿಲ್ಲೆ ಉತ್ತರದಲ್ಲಿದೆ, ಎಲ್ಲಿಸ್ ದಕ್ಷಿಣದಲ್ಲಿದ್ದಾನೆ. ನೋಟೀಸು ಓದಿ ಹೇಳುವವಳು ವೇಕ್ರಾಸಿನಲ್ಲಿದ್ದಾಳೆ. ‘ಅವನು ಆ ತುಂಡಿನೊಳಗೇ ಇದ್ದಾನೆ’ ಎಂಬ ಒಂದು ಮಾತು ಸಾಕಿತ್ತು. ಆದರೆ ಆ ಮಾತು ಹೇಳಿದರೆ ಬಿಲ್ಲೆ ತಪ್ಪಿದ್ದು ಬಯಲಾಗುತ್ತದೆ, ಮತ್ತೆ ಪರೀಕ್ಷೆ, ಕಣ್ಣು, ಎಲ್ಲ ಮುಗಿಯಿತು. ಹೋಗಿ ಅವನನ್ನು ಮೆಲ್ಲಗೆ ಕರೆತಂದು ಬಿಲ್ಲೆ ತೆಗೆಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನನ್ನ ಬುದ್ಧಿಗೆ ಹೊಳೆಯಿತು.

"ನನ್ನ ನಾಯಿ ಆ ಕಡೆ ನುಗ್ಗಿದೆ, ಟಾಲಿವರ್. ಇಪ್ಪತ್ತು ನಿಮಿಷ ಕೊಡಿ, ಕರ್ಕೊಂಡು ಬರ್ತೀನಿ."

"ಹಾಳು ನಾಯಿ. ಬೇಗ ಬನ್ನಿ, ಮಧ್ಯಾಹ್ನ ಗಾಳಿ ತಿರುಗತ್ತೆ."

ಕೊಯ್ಯುವಾಗ ಹಾಕುವ ದಪ್ಪ ಕಂದು ಕೋಟಿನಲ್ಲೇ ಓಡಿದೆ. ಷೆಡ್ಡಿನ ಮೊಳೆಯಲ್ಲಿ, ಮನುಷ್ಯರೆಂದು ದೂರದಿಂದಲೇ ತಿಳಿಯಲೆಂದು ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಜಾಕೀಟು ಇತ್ತು. ನಲವತ್ತು ವರ್ಷ ಕೋವಿ ಹಿಡಿದವಳು ನಾನು, ಅದನ್ನು ಹಾಕದೆ ಬೇಟೆಯ ಕಾಡಿಗೆ ಒಂದು ಹೆಜ್ಜೆಯೂ ಇಟ್ಟವಳಲ್ಲ. ಆದರೆ ಅದನ್ನು ತೊಟ್ಟರೆ ನಾಯಿ ಹುಡುಕಲು ಹೊರಟವಳಿಗೆ ಇದೇಕೆ, ಒಳಗೆ ಯಾರಿದ್ದಾರೆ ಎಂದು ಟಾಲಿವರ್ ಕೇಳುತ್ತಾನಲ್ಲ.

ತೊರೆಯ ಕಡೆಗೆ ಅರ್ಧ ಮೈಲಿ. ಒಣಗಿದ ಹುಲ್ಲು ಮೊಣಕಾಲೆತ್ತರ, ಕಿಡಿ ಬಿದ್ದರೆ ಭಗ್ಗೆಂದು ಹತ್ತುವಂಥದು. ಹಿಂದೆ ರಸ್ತೆಯಲ್ಲಿ ಟಾಲಿವರ್‌ನ ಜನ ಡೀಸೆಲ್ ಡಬ್ಬ ಇಳಿಸುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅವರ ಸದ್ದು ನನಗೆ ಕೇಳುವಾಗ ನನ್ನ ಕೂಗು ಅವರಿಗೆ ಕೇಳದೆ ಇರುತ್ತದೆಯೇ? ಎಲ್ಲಿಸ್ ಎಂದು ಒಂದು ಸಲ ಗಂಟಲು ಹರಿಯುವಂತೆ ಕೂಗಬೇಕಿತ್ತು. ನಾನು ಬಾಯಿ ಮುಚ್ಚಿಕೊಂಡು ನಡೆದೆ.

ತೊರೆಯ ಬಳಿ ಗಿಡ್ಡ ತಾಳೆಯ ಪೊದೆ ಒತ್ತಾಗಿದೆ, ಬಗ್ಗಿಯೇ ನುಸುಳಬೇಕು. ನುಸುಳಿ ತಲೆ ಎತ್ತಿದೆ. ಇಪ್ಪತ್ತೈದು ಗಜದಲ್ಲಿ ಅಟ್ಟಣೆ, ಅದರ ಮೇಲೆ ಎಲ್ಲಿಸ್. ಅವನ ಮುಖ ಆ ಕಡೆ ತಿರುಗಿತ್ತು. ಅಬ್ಬ, ನನ್ನನ್ನು ನೋಡಿಲ್ಲ ಎಂದುಕೊಂಡೆ. ಆಮೇಲೆ ಕೋವಿಯ ಕೊಳವೆ ಕಂಡಿತು. ಮುಖ ಆ ಕಡೆ, ಕೋವಿ ನನ್ನ ಕಡೆ. ಅವನು ಈಗ ನೋಡುವುದೇ ಹಾಗೆ ಎಂದು ನೆನಪಾಗುವಷ್ಟರಲ್ಲಿ ಏನೋ ನನ್ನ ಎಡತೋಳನ್ನು ಹಿಡಿದು ಹಿಂದಕ್ಕೆಸೆಯಿತು. ಸದ್ದು ಕೇಳಿಸಿದ್ದು ನನಗೆ ನೆನಪಿಲ್ಲ.

ಅವನು ಇಳಿದು ಬಂದ. ಹತ್ತು ಹೆಜ್ಜೆ ದೂರದವರೆಗೂ ಅವನ ಮುಖದಲ್ಲಿ ಖುಷಿಯಿತ್ತು. ನಾನು ನರಳಿದ ಮೇಲೆ ಅದು ಹೋಯಿತು. ಬೆಲ್ಟು ಬಿಚ್ಚಿ ತೋಳಿಗೆ ಬಿಗಿದ, ಗಂಟು ಸರಿಯಾಗಿಯೇ ಹಾಕಿದ.

"ಹಂದಿ ಇತ್ತು, ವರ್ನೆಲ್. ಇಲ್ಲೇ ಇತ್ತು. ನಾನು ನೋಡ್ದೆ."

"ಟಾಲಿವರ್‌ನ ಕೂಗೋ," ಎಂದೆ. "ಗಟ್ಟಿಯಾಗಿ ಕೂಗೋ."

ಅವತ್ತು ಬೆಂಕಿ ಹಚ್ಚಲಿಲ್ಲ. ಆಮೇಲೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕೋರ್ಟು ಎಲ್ಲಿಸ್‌ನ ಕೋವಿಗಳನ್ನು ಕಿತ್ತುಕೊಂಡಿತು. ಜೈಲು ತಪ್ಪಿತು. ಬ್ಲ್ಯಾಕ್‌ಗಮ್‌ನವರು ಅವನ ಬೇಟೆಯ ಹಕ್ಕನ್ನು ತೆಗೆದರು, ನಡೆದಾಡುವ ಹಕ್ಕು ಬಿಟ್ಟರು. ಅವನು ವರಾಂಡದಿಂದ ಕೆಳಗಿಳಿದದ್ದನ್ನು ಯಾರೂ ಕಂಡಿಲ್ಲ. ನನ್ನ ತೋಳಿನ ಮೂಳೆ ಕೂಡಿತು, ಕೈ ಭುಜದ ಮೇಲಕ್ಕೆ ಏಳುವುದಿಲ್ಲ, ಷೆಡ್ಡು ಮುಚ್ಚಿದ್ದೇನೆ. ಇದೆಲ್ಲ ಹೇಗೋ ಸಹಿಸಬಹುದು. ಸಹಿಸಲಾಗದ್ದು ಆಸ್ಪತ್ರೆಯಲ್ಲಿ ಆದದ್ದು.

ಮೂರನೆಯ ದಿನ ನೀಟಾ ಬಂದು ಹಾಸಿಗೆಯ ಪಕ್ಕ ಕೂತಳು. ನನಗೆ ಗುಂಡು ಹೊಡೆದವನ ಹೆಂಡತಿ, ಆದರೂ ನನ್ನ ತಲೆ ಬಾಚಿ, ಪೀಚ್ ಹಣ್ಣಿನ ಹೋಳು ತಿನ್ನಿಸಿದವಳು ಅವಳು.

"ಒಂದೇ ಮಾತು ಕಣೇ," ಎಂದಳು. "ಕಿತ್ತಳೆ ಜಾಕೀಟು ಇಲ್ದೆ, ಕಂದು ಕೋಟಲ್ಲಿ ಬಗ್ಗಿ ಬಂದೆ ಅಂತ ಹೇಳು. ನಿಜ ತಾನೇ? ಯಾರಿಗಾದ್ರೂ ಹಂದಿ ಹಾಗೇ ಕಾಣ್ತಿತ್ತು."

ಅವಳು ಅದನ್ನು ಮನಸಾರೆ ನಂಬಿದ್ದಳು. ನಾನು ಆಗಲಿ ಎಂದೆ. ಅಷ್ಟರಲ್ಲಿ ವನ್ಯಜೀವಿ ಇಲಾಖೆಯ ಅಧಿಕಾರಿ ಒಳಗೆ ಬಂದು ಟೋಪಿ ತೆಗೆದು ಕೂತ. ಕೋಟಿನ ಬಣ್ಣ ಬರೆದುಕೊಂಡ, ನಾಯಿಯ ಹೆಸರು ಬರೆದುಕೊಂಡ. ಆಮೇಲೆ ಒಂದು ಹಾಳೆ ತೆಗೆದ.

"ಡ್ರಿಗರ್ಸ್ ಅವರ ಹೇಳಿಕೆ. ‘ದೊಡ್ಡ ಗಂಡುಹಂದಿ. ಎರಡೂ ಕೋರೆಹಲ್ಲು ಕಂಡೆ. ಕಣ್ಣಾರೆ ಕಂಡೆ.’ ಮೇಡಮ್, ಇಪ್ಪತ್ತೈದು ಗಜದಲ್ಲಿ ನಿಮ್ಮ ಕೋಟಿಗೆ ಕೋರೆಹಲ್ಲು ಎಲ್ಲಿಂದ ಬಂತು? ಅವ್ರು ಸುಳ್ಳು ಹೇಳ್ತಿದಾರಾ?"

ಮತ್ತೆ ಅದೇ ಮಾತು, ಕಂಡೆ. ಆ ಕಾಡನ್ನು ಕಾಣದೆಯೇ ಅವನು ಎರಡು ಚಳಿಗಾಲ ಕೋವಿ ಹಿಡಿದು ಕೂತಿದ್ದ. ನನ್ನ ಬಾಯಿ ಇನ್ನು ಮುಚ್ಚಿರಲಾರದಾಯಿತು.

"ಇಲ್ಲ. ಅವನು ಸುಳ್ಳು ಹೇಳೋನಲ್ಲ. ಅವನ ತಲೆಗೆ ಹಾಗೇ ಕಂಡಿರತ್ತೆ. ಅವನಿಗೆ ಕಣ್ಣು ಕಾಣಲ್ಲ. ಕೈಗೆಟುಕೋ ದೂರದಲ್ಲಿ ಟ್ರ್ಯಾಕ್ಟರ್ ಯಾವುದು ಬಾತುಕೋಳಿ ಯಾವುದು ಗೊತ್ತಾಗಲ್ಲ. ಎರಡು ಚಳಿಗಾಲದಿಂದ ನಂಗೆ ಗೊತ್ತು."

ಅಧಿಕಾರಿಯ ಪೆನ್ನು ನಿಂತಿತು. ನೀಟಾ ಎದ್ದು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಪೀಚಿನ ಬಟ್ಟಲು ಇನ್ನೂ ಅವಳ ಕೈಯಲ್ಲೇ ಇತ್ತು.

"ಎರಡು ಚಳಿಗಾಲದಿಂದಾನಾ?" ಎಂದಳು. "ವಾರಕ್ಕೆ ಮೂರು ದಿನ ಬೆಳಿಗ್ಗೆ ಅವನಿಗೆ ತಿಂಡಿ ತಗೊಂಡು ಕಾಡೊಳಕ್ಕೆ ನಡ್ಕೊಂಡು ಹೋಗ್ತಿದ್ದೆನಲ್ಲೇ. ಸದ್ದು ಮಾಡ್ದೆ, ಮೆಲ್ಲಗೆ. ಜಿಂಕೆ ಓಡಿಹೋಗತ್ತೆ ಅಂತ. ನಾನು ಹೋಗೋದು ನಿಂಗೆ ಗೊತ್ತಿತ್ತಲ್ಲ ವರ್ನೆಲ್. ನಿನ್ನ ಷೆಡ್ಡಿನ ಮುಂದೇನೇ ಹೋಗ್ತಿದ್ದೆ."

ಹೌದು, ಗೊತ್ತಿತ್ತು. ಪ್ರತಿ ಸಲವೂ ಕೈ ಬೀಸುತ್ತಿದ್ದೆ.